ಅಂಗಡಿಯ ಲೆಕ್ಕ, ಕುರುಬನ ಲೆಕ್ಕ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದಿದ್ದೇವೆ. ಮಿತವಾಗಿ ಉಣ್ಣಬೇಕು, ಹಿತವಾಗಿ ಮಾತನಾಡಬೇಕು ಎಂಬುದೇ ಅದರ ತಿರುಳೆಂದು ಶಾಲೆಯಲ್ಲಿ ಹೇಳಿಕೊಟ್ಟರು. ಆದರೆ ಊಟ ಬಲ್ಲವರಾಗುವುದೆಂದರೆ ಇನ್ನೊಬ್ಬರ ತಟ್ಟೆಯಲ್ಲಿ ಏನಿರಬಾರದು ಎಂಬುದನ್ನೂ ಅರಿತಿರುವುದು ಎಂದು ನನಗೆ ಕಲಿಸಿದವಳು ಒಂಬತ್ತು ವರ್ಷದ ಹುಡುಗಿ, ನನ್ನ ತಂಗಿಯ ಮಗಳು.

ಕಳೆದ ವರ್ಷ ಅವಳು ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ಬಲಿಪೂಜೆ ಮುಗಿದ ಮೇಲೆ ದೇವಾಲಯದ ಪಕ್ಕದ ಸಭಾಂಗಣದಲ್ಲಿ ಊಟದ ಏರ್ಪಾಡು. ಅಡುಗೆಯವರನ್ನು ಗೊತ್ತುಮಾಡುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೆ. ಮಗುವಿಗೆ ಗೋಧಿ ಆಗುವುದಿಲ್ಲ, ಗ್ಲುಟೆನ್ ಇಲ್ಲದ ಅಡುಗೆಯೂ ಸ್ವಲ್ಪ ಇರಲಿ ಎಂದು ಹೇಳಿದಾಗ ಅವರು, "ಆಗಲಿ ಮೇಡಂ, ಈಗ ಎಲ್ಲಾ ಕಡೆ ಕೇಳ್ತಾರೆ, ಒಂದು ವೀಗನ್ ಕೌಂಟರ್ ಇಡ್ತೀವಿ" ಎಂದರು. ಎರಡೂ ಒಂದೇ ಜಾತಿಯ ಪಥ್ಯವಿರಬೇಕೆಂದು ನಾನೂ ತಲೆಯಾಡಿಸಿ ಬಂದೆ.

ಹಸಿರು ಬೋರ್ಡಿನ ಆ ಮೇಜಿನ ಮೇಲೆ ಏನಿತ್ತು? ಗೋಬಿ ಮಂಚೂರಿ, ತೆಂಗಿನ ಹಾಲಿನ ಶಾವಿಗೆ ಪಾಯಸ, ಮೊಟ್ಟೆ ಬೆಣ್ಣೆ ಹಾಕದ ಕೇಕು, ಮಾಂಸದಂತೆಯೇ ರುಚಿಯಿರುವ ಯಾವುದೋ ತುಂಡುಗಳು. ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ. ಗೋಧಿ ಮಾತ್ರ ಎಲ್ಲದರಲ್ಲೂ ಇತ್ತು. ಹಬ್ಬದ ಹುಡುಗಿ ಬಿಳಿಯ ಉಡುಪಿನಲ್ಲಿ ಒಂದು ಮೂಲೆಯಲ್ಲಿ ಕುಳಿತು, ಅಮ್ಮ ಮನೆಯಿಂದ ತಂದಿದ್ದ ಸ್ಟೀಲು ಡಬ್ಬಿಯನ್ನು ತೆರೆದಳು. ನೆಂಟರಲ್ಲಿ ಹಿರಿಯರೊಬ್ಬರು, "ಏನಮ್ಮಾ, ನಿನ್ನ ಹಬ್ಬಕ್ಕೆ ನೀನೇ ಡಬ್ಬಿ ತಂದಿದ್ದೀಯಾ? ಅಲ್ಲಿ ಹಸಿರು ಬೋರ್ಡು ಇದೆಯಲ್ಲ, ಎಲ್ಲಾ ಪಥ್ಯದ್ದೇ" ಎಂದರು. "ಅದರಲ್ಲಿ ಹಾಲು, ಬೆಣ್ಣೆ ಇಲ್ಲ ಅಷ್ಟೇ ಅಜ್ಜಿ. ಗೋಧಿ ಇದೆ" ಎಂದಳು ಮಗು.

ನನಗೆ ಅಳು ಬಂದಂತಾಯಿತು. ಅವಳಿಗೆ ಏನಾದರೂ ಸಿಹಿ ಕೊಡಲೇಬೇಕೆಂದು ಹುಡುಕಿ, ಎರಡು ಕಜ್ಜಾಯ ತಂದು ಕೈಗಿಟ್ಟೆ. ಕಜ್ಜಾಯವೆಂದರೆ ಅಕ್ಕಿಹಿಟ್ಟು, ಬೆಲ್ಲ ತಾನೇ? "ದೊಡ್ಡಮ್ಮ, ಕೇಳಿದಿರಾ?" ಎಂದಳು. "ಇದನ್ನು ಕೇಳುವುದೇನು, ತಿನ್ನು ಕಂದಾ" ಎಂದೆ. ಆ ರಾತ್ರಿ ಅವಳಿಗೆ ವಾಂತಿ, ಹೊಟ್ಟೆನೋವು. ಮೂರು ದಿನ ಶಾಲೆಗೆ ಹೋಗಲಿಲ್ಲ. ಆಮೇಲೆ ವಿಚಾರಿಸಿದಾಗ ಅಡುಗೆಯವರು ಮುಗ್ಧವಾಗಿಯೇ ಹೇಳಿದರು: "ಪಾಕ ತೆಳುವಾಗಿತ್ತು ಮೇಡಂ, ಹಿಟ್ಟು ಕೂಡಿಕೊಳ್ಳಲೆಂದು ನಾಲ್ಕು ಹಿಡಿ ಮೈದಾ ಸೇರಿಸಿದೆವು."

ಇದೆಂಥ ಕಾಯಿಲೆ ಎಂದು ನೀವು ಕೇಳಬಹುದು. ಅದರ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ. ಚಪಾತಿಯ ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಇರುವವರ ದೇಹ ಈ ಅಂಶ ಒಳಹೊಕ್ಕ ಕೂಡಲೇ ತನ್ನ ಸಣ್ಣ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಆಹಾರದ ಸಾರವನ್ನು ಹೀರುವ ಕರುಳಿನ ನವಿರಾದ ಎಳೆಗಳು ಸವೆದುಹೋಗುತ್ತವೆ. ಮಗು ಉಂಡರೂ ಬೆಳೆಯುವುದಿಲ್ಲ; ರಕ್ತಹೀನತೆ, ಭೇದಿ, ಆಯಾಸ, ದೊಡ್ಡವರಲ್ಲಿ ಮೂಳೆ ಸವೆತ. ಇದಕ್ಕೆ ಮಾತ್ರೆಯಿಲ್ಲ. ಬದುಕಿರುವವರೆಗೂ ಗ್ಲುಟೆನ್ ಇರುವುದನ್ನು ಬಿಡುವುದೊಂದೇ ಮದ್ದು. ಎಷ್ಟು ಬಿಡಬೇಕೆಂದರೆ, ಭಾರತದಲ್ಲಿ ಆಹಾರದ ಪೊಟ್ಟಣದ ಮೇಲೆ "ಗ್ಲುಟೆನ್ ಮುಕ್ತ" ಎಂದು ಮುದ್ರಿಸಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಇಂಥವರಿಗೆ "ಸ್ವಲ್ಪ ತಿಂದರೆ ಏನಾಗುತ್ತೆ" ಎಂಬ ಮಾತು ಸಲ್ಲದು.

ಈ ಸತ್ಯ ತಿಳಿದುಬಂದ ಬಗೆಯೂ ಮನಮುಟ್ಟುವಂಥದು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಹಾಲೆಂಡಿನಲ್ಲಿ ಘೋರ ಕ್ಷಾಮ. ರೊಟ್ಟಿ ಸಿಗದೆ ಜನ ಟುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕ್ಕೆಯವರು ಗೋಧಿಯ ಮೇಲೆ ಮೊದಲಿನಿಂದಲೇ ಸಂಶಯ ಪಟ್ಟಿದ್ದರು. ನಾಡೆಲ್ಲ ಹಸಿದಿದ್ದ ಆ ಕಾಲದಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು, ರೊಟ್ಟಿ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಡಿಕ್ಕೆಯವರು ತಮ್ಮ ಪ್ರಬಂಧದಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು.

ಅದೇ 1944ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಕೆಲವರು ಸೇರಿ, ಮಾಂಸವಷ್ಟೇ ಅಲ್ಲ, ಹಾಲು ಮೊಟ್ಟೆಗಳನ್ನೂ ಬಿಡುವುದೆಂದು ನಿಶ್ಚಯಿಸಿ ವೀಗನ್ ಸಂಘವನ್ನು ಕಟ್ಟಿದರು. "ವೀಗನ್" ಎಂಬ ಪದ ಹುಟ್ಟಿದ್ದೇ ಆಗ. ಈ ಎರಡು ಬಗೆಯ ಊಟಗಳಲ್ಲಿ ವೀಗನ್ ಊಟವನ್ನು ಇಂದು ಅಂಗಡಿಗಳು ಚೆನ್ನಾಗಿ ಗುರುತಿಸಿವೆ. ನಮ್ಮ ದೇಶದಲ್ಲಿ 2022ರಿಂದ ವೀಗನ್ ಆಹಾರಕ್ಕೆಂದೇ ನಿಯಮಾವಳಿಯಿದೆ, ಹಸಿರು ಬಣ್ಣದ ಮುದ್ರೆಯಿದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ವೀಗನ್ ಚೀಸು, ವೀಗನ್ ಸಾಸೇಜು, ಓಟ್ಸ್ ಹಾಲು ಸಾಲಾಗಿ ನಿಂತಿವೆ. ಇದನ್ನು ನೋಡಿ ಸೀಲಿಯಾಕ್ ಇರುವವರ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಯಾಕೆಂದರೆ ಮಾಂಸದ ಬದಲಿಗೆ ಬರುವ ಈ ಪದಾರ್ಥಗಳಲ್ಲಿ ಅನೇಕವು ಗೋಧಿಯ ಅಂಟಿನಿಂದಲೇ ಆದವು. ಸೈಟಾನ್ ಎಂಬುದೊಂದಿದೆ, ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆದು ತೊಳೆದು, ಪಿಷ್ಟವೆಲ್ಲ ಹೋದ ಮೇಲೆ ಉಳಿಯುವ ಅಂಟು. ಅಂದರೆ ಗ್ಲುಟೆನ್ನೇ! ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿಯಿದೆ. ಓಟ್ಸು ಹೊಲದಲ್ಲೋ ಗಿರಣಿಯಲ್ಲೋ ಗೋಧಿಯೊಂದಿಗೆ ಬೆರೆತಿರುವುದೇ ಹೆಚ್ಚು.

ನಮ್ಮ ಹೋಟೆಲುಗಳಿಗೆ ಬನ್ನಿ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ ಎಲ್ಲವೂ ಗೋಧಿಯ ರವೆ. ರಾಗಿ ದೋಸೆಗೆ ಗರಿಗರಿಯಾಗಲೆಂದು ರವೆ ಹಾಕುವವರಿದ್ದಾರೆ. ಬೇಕರಿಯ ರಾಗಿ ಬಿಸ್ಕತ್ತಿನಲ್ಲಿ ರಾಗಿಯ ಜೊತೆಗೆ ಮೈದಾ ಇರುತ್ತದೆ. ಸಾರಿನ ಒಗ್ಗರಣೆಗೆ ಬೀಳುವ ಇಂಗಿನ ಪುಡಿಯಲ್ಲೂ ಬಹಳ ಕಡೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. "ಇದರಲ್ಲಿ ಗೋಧಿ ಇದೆಯಾ?" ಎಂದು ಕೇಳಿದರೆ, "ಪ್ಯೂರ್ ವೆಜ್ ಮೇಡಂ, ಧೈರ್ಯವಾಗಿ ತಿನ್ನಿ" ಎಂಬ ಉತ್ತರ! ಹೇಳುವವರಲ್ಲಿ ಕಪಟವಿಲ್ಲ. ಅವರಿಗೆ ತಿಳಿದಿರುವ ಪ್ರಶ್ನೆಗೆ ಅವರು ಉತ್ತರಿಸುತ್ತಾರೆ.

ಈಗ ನಿಮ್ಮ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ತನ್ನ ಇಚ್ಛೆಯಿಂದ ಒಂದು ಆಹಾರವನ್ನು ಬಿಟ್ಟವರಿಗೆ ಇಷ್ಟೊಂದು ಆಯ್ಕೆ, ಬೇರೆ ದಾರಿಯೇ ಇಲ್ಲದವರಿಗೆ ಡಬ್ಬಿಯ ಅನ್ನ. ಇದು ನ್ಯಾಯವೇ?

ವ್ಯಾಪಾರಿಯನ್ನು ಕೇಳಿದರೆ ಅವನದೊಂದು ಲೆಕ್ಕವಿದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಗೆ ಸೀಲಿಯಾಕ್ ಇದ್ದರೆ, ದಕ್ಷಿಣದಲ್ಲಿ ಕೇವಲ 0.10, ಅಂದರೆ ಸಾವಿರಕ್ಕೆ ಒಬ್ಬರು. ಸಾವಿರದಲ್ಲಿ ಒಬ್ಬರಿಗಾಗಿ ಬೇರೆ ಒಲೆ, ಬೇರೆ ಬಾಣಲೆ, ಬೇರೆ ಹಿಟ್ಟು ಇಡು ಎಂದು ಚಿಕ್ಕ ಹೋಟೆಲಿನವನನ್ನು ಒತ್ತಾಯಿಸಲಾದೀತೇ? ಅವನ ಮೇಲೆ ಕೋಪಿಸಿಕೊಳ್ಳುವುದು ಸರಿಯಲ್ಲ. ಕೇಳುವವರು ಹೆಚ್ಚಿದ್ದನ್ನು ಅವನು ತರುತ್ತಾನೆ. ಅದು ಅಂಗಡಿಯ ಲೆಕ್ಕ. ಅವನಿಂದ ನಾವು ನಿರೀಕ್ಷಿಸಬಹುದಾದದ್ದು ಒಂದೇ: ಸತ್ಯ. ಇದರಲ್ಲಿ ಗೋಧಿ ಇದೆ, ಅಥವಾ ನನಗೆ ಗೊತ್ತಿಲ್ಲ ಎಂದು ಹೇಳುವ ಪ್ರಾಮಾಣಿಕತೆ.

ಆದರೆ ಯೇಸುಸ್ವಾಮಿಯವರು ನಮಗೆ ಹೇಳಿದ ಲೆಕ್ಕವೇ ಬೇರೆ. ನೂರು ಕುರಿಗಳಲ್ಲಿ ಒಂದು ಕಾಣೆಯಾದಾಗ ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನ ಲೆಕ್ಕ. ಯಾವ ವ್ಯಾಪಾರಿಯೂ ಈ ಲೆಕ್ಕಕ್ಕೆ ಒಪ್ಪಲಾರ. ಕುಟುಂಬ, ಧರ್ಮಕೇಂದ್ರ, ನಮ್ಮ ಶಾಲೆ ಹಾಸ್ಟೆಲುಗಳು ಅಂಗಡಿಗಳಲ್ಲ. ಅಲ್ಲಿ ಸಾವಿರದಲ್ಲಿ ಒಬ್ಬಳು ಎಂಬುದು ಆ ಒಬ್ಬಳನ್ನು ಮರೆಯಲು ಕಾರಣವಾಗಕೂಡದು. ಸಂತ ಪೌಲರು ಕೊರಿಂಥದವರನ್ನು ಗದರಿಸಿದ್ದನ್ನು ನೆನೆಯಿರಿ. ಪ್ರಭುವಿನ ಭೋಜನಕ್ಕೆಂದು ಕೂಡಿದ ಕಡೆಯಲ್ಲೇ ಕೆಲವರು ಹೊಟ್ಟೆ ತುಂಬ ಉಂಡು, ಕೆಲವರು ಹಸಿದು ಕೂತಿದ್ದರು. ಒಂದೇ ಸೂರಿನಡಿ ಒಬ್ಬರು ಹಸಿದಿರುವುದನ್ನು ಉಳಿದವರು ಗಮನಿಸದೆ ಹೋದದ್ದೇ ಅವರಿಗೆ ನೋವು ತಂದಿತು.

ನಮ್ಮ ಸಭಾಂಗಣದಲ್ಲಿ ಆದದ್ದು ಅದೇ ತಾನೇ? ನನ್ನ ತಪ್ಪನ್ನು ನಾನು ಹೀಗೆ ತೂಗಿ ನೋಡಿದೆ. ಮಗುವಿಗೆ ಕೇಡು ಬಯಸಿದ್ದೆನೇ? ಇಲ್ಲ. ಪ್ರೀತಿಯಿಂದಲೇ ಕೊಟ್ಟೆ. ಹಾಗಾದರೆ ನಾನು ನಿರ್ದೋಷಿಯೇ? ಧರ್ಮಸಭೆಯ ನೀತಿಬೋಧೆ ಎರಡು ಬಗೆಯ ಅಜ್ಞಾನವನ್ನು ಬೇರ್ಪಡಿಸುತ್ತದೆ. ಎಷ್ಟು ಯತ್ನಿಸಿದರೂ ತಿಳಿಯಲಾಗದ ಅಜ್ಞಾನ ಒಂದು, ಕೇಳಿದ್ದರೆ ತಿಳಿಯಬಹುದಾಗಿದ್ದ ಅಜ್ಞಾನ ಇನ್ನೊಂದು. ಮೊದಲನೆಯದಕ್ಕೆ ನಾವು ಹೊಣೆಯಲ್ಲ, ಎರಡನೆಯದಕ್ಕೆ ಹೊಣೆ. ಅಡುಗೆಯವರು ಹತ್ತು ಹೆಜ್ಜೆ ದೂರದಲ್ಲಿದ್ದರು. "ಕೇಳಿದಿರಾ?" ಎಂದು ಮಗುವೇ ನೆನಪಿಸಿತ್ತು. ಕೇಳದೆ ತೋರಿದ ಪ್ರೀತಿ ಅವಳನ್ನು ಮೂರು ದಿನ ಮಲಗಿಸಿತು.

ಇಷ್ಟು ಹೇಳಿದೆನೆಂದು ವೀಗನ್ ಊಟ ಮಾಡುವವರನ್ನು ಹಳಿಯಬೇಡಿ. ನಮ್ಮ ಕುಟುಂಬಗಳಲ್ಲೂ ಈಗ ಅಂಥ ಯುವಕ ಯುವತಿಯರಿದ್ದಾರೆ. ಹಬ್ಬದ ದಿನ ಹಂದಿಮಾಂಸದ ಸಾರು ಬಡಿಸುವಾಗ ಅವರನ್ನು ಗೇಲಿ ಮಾಡುವ ಹಿರಿಯರೂ ಇದ್ದಾರೆ. ನನ್ನ ಭಾವನ ಮಗನೂ ವೀಗನ್. ಪ್ರಾಣಿಗಳ ಸಂಕಟ ನೋಡಲಾಗದೆ ಬಿಟ್ಟೆ ಎನ್ನುತ್ತಾನೆ. ಅಂದು ಸಭಾಂಗಣದಲ್ಲಿ ಹಸಿರು ಬೋರ್ಡಿನ ಮೇಜನ್ನು ಕಂಡು ಅವನಿಗೆ ಸಂತೋಷವಾಗಿತ್ತು. ಮೂಲೆಯಲ್ಲಿದ್ದ ಮಗುವನ್ನು ಕಂಡ ಮೇಲೆ ತಟ್ಟೆ ಕೆಳಗಿಟ್ಟು, "ಚಿಕ್ಕಮ್ಮ, ನನ್ನ ಊಟಕ್ಕೆ ಬೋರ್ಡು ಹಾಕಿದ್ದೀರಿ, ಇವಳ ಊಟಕ್ಕೆ ಯಾಕಿಲ್ಲ?" ಎಂದು ಕೇಳಿದವನು ಅವನೊಬ್ಬನೇ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದನ್ನು ನನಗೆ ಕಲಿಸಿದವನೂ ಅವನೇ. ಗೋಧಿಯಂಥ ಅಲರ್ಜಿಕಾರಕ ಪದಾರ್ಥವಿದ್ದರೆ ಅಲ್ಲಿ ನಮೂದಿಸಬೇಕೆಂಬ ನಿಯಮವಿದೆ ಎಂದು ತೋರಿಸಿಕೊಟ್ಟ.

ಸಂತ ಪೌಲರ ಕಾಲದ ರೋಮಿನಲ್ಲೂ ಇದೇ ಕಥೆ. ಕೆಲವು ಕ್ರೈಸ್ತರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ಮನಸ್ಸಾಕ್ಷಿಗೆ ಅಂಜಿ ಬರೀ ಸೊಪ್ಪು ತರಕಾರಿ ತಿನ್ನುತ್ತಿದ್ದರು. ಒಬ್ಬರನ್ನೊಬ್ಬರು ಕೀಳಾಗಿ ಕಾಣಬೇಡಿ, ತೀರ್ಪು ಮಾಡಬೇಡಿ, ನಿಮ್ಮ ಊಟದಿಂದ ಸಹೋದರನಿಗೆ ಕೇಡಾಗದಿರಲಿ ಎಂಬುದು ಪೌಲರ ಬುದ್ಧಿವಾದದ ಸಾರ. ಮನಸ್ಸಾಕ್ಷಿಯ ಕಾರಣಕ್ಕೆ ಒಂದನ್ನು ಬಿಟ್ಟವನಿಗೆ ಗೌರವ ಸಲ್ಲಲೇಬೇಕು. ತಪಸ್ಸು ಕಾಲದಲ್ಲಿ ಮಾಂಸ ಬಿಡುವ ನಮಗೆ ಇದನ್ನು ಹೇಳಿಕೊಡಬೇಕೇ?

ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ತಿಳಿಯದೆ ಒಂದು ಚಮಚ ತುಪ್ಪ ಬಿದ್ದರೆ ನನ್ನ ಭಾವನ ಮಗನ ಮನಸ್ಸು ನೋಯುತ್ತದೆ. ಅವನ ವ್ರತ ಕೆಡುವುದಿಲ್ಲ, ಯಾಕೆಂದರೆ ಅವನ ಸಂಕಲ್ಪ ಹಾಗೆಯೇ ಇದೆ. ತಿಳಿಯದೆ ಒಂದು ಹಿಡಿ ಮೈದಾ ಬಿದ್ದರೆ ಮಗುವಿನ ಕರುಳು ಸಂಕಲ್ಪವನ್ನು ಕೇಳುವುದಿಲ್ಲ. ಆದ್ದರಿಂದ ಒಂದೇ ಅಡುಗೆ ಹೆಚ್ಚಾಗಿ ಮಾಡಲು ಕೈಲಾಗುವುದಾದರೆ, ಮೊದಲು ಕೇಡು ತಟ್ಟುವವರಿಗಾಗಿ ಮಾಡಬೇಕು. ಇದರಿಂದ ಮನಸ್ಸಾಕ್ಷಿ ಕೀಳೆಂದಾಗುವುದಿಲ್ಲ. ಮೈ ಮಾತ್ರ ಕಾಯುವುದಿಲ್ಲ.

ಈ ಮಾತು ಬಲಿಪೀಠದವರೆಗೂ ಬರುತ್ತದೆ. ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ಧರ್ಮಸಭೆಯ ಕಾನೂನು. ಯೇಸುಸ್ವಾಮಿಯವರು ಸ್ಥಾಪಿಸಿದ್ದನ್ನು ಬದಲಿಸುವ ಅಧಿಕಾರ ತನಗಿಲ್ಲವೆಂದು ಅದು ತಿಳಿಯುತ್ತದೆ. ಹಾಗಾದರೆ ನಮ್ಮ ಹುಡುಗಿ ಏನು ಮಾಡಬೇಕು? "ವಿಶ್ವಾಸದಿಂದ ಸ್ವೀಕರಿಸಲಿ, ಪ್ರಭುವಿನ ಶರೀರ ಯಾರಿಗೂ ಕೇಡು ಮಾಡದು" ಎಂದು ಹಿತೈಷಿಗಳು ಹೇಳಿದರು. ಕೇಳಲು ಭಕ್ತಿಯ ಮಾತು. ಆದರೆ ಧರ್ಮಸಭೆ ಹಾಗೆ ಬೋಧಿಸುವುದಿಲ್ಲ. ರೊಟ್ಟಿಯ ಸತ್ವ ಬದಲಾದರೂ ಅದರ ಬಣ್ಣ, ರುಚಿ, ಗುಣಗಳೆಲ್ಲ ಹಾಗೆಯೇ ಉಳಿಯುತ್ತವೆ ಎಂದು ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ವಿವರಿಸಿದ್ದಾರೆ. ಉಳಿಯುವ ಗುಣಗಳಲ್ಲಿ ಗ್ಲುಟೆನ್ನಿನ ಗುಣವೂ ಒಂದು. ಮಗುವಿನ ವಿಶ್ವಾಸವನ್ನು ಅವಳ ಕರುಳಿನಿಂದ ಅಳೆಯುವುದು ದೇವರನ್ನು ಪರೀಕ್ಷಿಸಿದಂತೆ.

ಧರ್ಮಸಭೆ ತೋರಿಸಿದ ದಾರಿ ಬೇರೆ. 1995ರಲ್ಲಿಯೂ 2003ರಲ್ಲಿಯೂ, ಮುಂದೆ ಪೋಪ್ 16ನೇ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್ ಅವರ ಸಹಿಯೊಂದಿಗೆ ರೋಮಿನಿಂದ ಪತ್ರಗಳು ಬಂದವು. ಗ್ಲುಟೆನ್ ಪೂರ್ತಿಯಾಗಿ ತೆಗೆದ ರೊಟ್ಟಿ ಸಲ್ಲದು. ರೊಟ್ಟಿಯಾಗಲು ಬೇಕಾದಷ್ಟು ಮಾತ್ರ ಗ್ಲುಟೆನ್ ಉಳಿಸಿದ ಗೋಧಿಯ ರೊಟ್ಟಿ ಸಲ್ಲುತ್ತದೆ. ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ ಸ್ವೀಕರಿಸಬಹುದು. ಇದಕ್ಕೆ ಮೇತ್ರಾಣಿಗಳ ಕಡೆಯಿಂದ ಅನುಮತಿ ಬೇಕು. 2017ರಲ್ಲಿ ಇದನ್ನೇ ಮತ್ತೆ ನೆನಪಿಸಿದಾಗ, ಅನೇಕ ಪತ್ರಿಕೆಗಳು ಹೊಸ ನಿಷೇಧವೆಂಬಂತೆ ಬರೆದವು. ಅಮೇರಿಕದ ಮಿಸ್ಸೂರಿಯಲ್ಲಿ ಬೆನೆಡಿಕ್ಟೀನ್ ಧರ್ಮಭಗಿನಿಯರು ಬಹುಕಾಲ ಪ್ರಯತ್ನಿಸಿ, ಹತ್ತು ಸಾವಿರಕ್ಕೆ ಒಂದು ಪಾಲು ಮಾತ್ರ ಗ್ಲುಟೆನ್ ಇರುವ ಗೋಧಿಯ ರೊಟ್ಟಿಯನ್ನು ತಯಾರಿಸಿದರು. ಬೆರಳೆಣಿಕೆಯ ಜನರಿಗಾಗಿ ಅಷ್ಟು ಶ್ರಮ! ಇದೇ ಕುರುಬನ ಲೆಕ್ಕ.

ನಮ್ಮ ಗುರುಗಳು ಆಕೆಗಾಗಿ ಬೇರೆಯೇ ಒಂದು ಪಾನಪಾತ್ರೆ ಇಟ್ಟರು. ಯಾಕೆಂದರೆ ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯ ಸಣ್ಣ ಚೂರೊಂದನ್ನು ತಮ್ಮ ಪಾತ್ರೆಗೆ ಹಾಕುತ್ತಾರೆ. ಆ ಪಾತ್ರೆಯಿಂದ ಅವಳು ಕುಡಿಯಲಾಗದು. ರೊಟ್ಟಿ ಮುಟ್ಟುವ ಮೊದಲೇ ಅವಳ ಪಾತ್ರೆಯನ್ನು ಬೇರೆ ಮುಚ್ಚಿಡಬೇಕು, ಅದನ್ನು ಬೇರೆಯವರಿಗೆ ಕೊಡಬಾರದು. ಒಂದೇ ರೂಪದಲ್ಲಿ ಸ್ವೀಕರಿಸಿದರೂ ಕ್ರಿಸ್ತರನ್ನು ಪೂರ್ಣವಾಗಿಯೇ ಸ್ವೀಕರಿಸುತ್ತೇವೆ ಎಂಬುದು ಟ್ರೆಂಟ್ ಮಹಾಸಭೆ ಸಾರಿದ ಸತ್ಯ. ಹಾಗೆ ಬಲಿಪೀಠದ ಬಳಿ ಅವಳಿಗೊಂದು ಸ್ಥಳ ಸಿಕ್ಕಿತು. ಹತ್ತಾರು ಹೆಜ್ಜೆ ದಾಟಿ ಸಭಾಂಗಣಕ್ಕೆ ಬಂದಾಗ ನಮ್ಮ ಮೇಜಿನಲ್ಲಿ ಸಿಗಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಖರ್ಚೇನೂ ಬೇಡ. ನಮ್ಮ ಅಜ್ಜಿಯರ ಒಲೆಯನ್ನು ನೆನೆಯಿರಿ. ರಾಗಿ ಮುದ್ದೆ, ಹುರುಳಿ ಸಾರು, ಅನ್ನ, ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಅಕ್ಕಿ ತೆಂಗಿನಕಾಯಿಯ ಪಾಯಸ. ಇವುಗಳಿಗೆ ಇಂಗನ್ನೂ ತುಪ್ಪವನ್ನೂ ಹಾಕದಿದ್ದರೆ, ಹಿಟ್ಟು ಬೇರೆ ಬೀಸಿದ್ದರೆ, ನನ್ನ ಭಾವನ ಮಗನೂ ತಂಗಿಯ ಮಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಅವರಿಬ್ಬರ ಊಟಕ್ಕೆ ಜಗಳವೇ ಇಲ್ಲ. ಜಗಳ ಹುಟ್ಟಿದ್ದು ಪೊಟ್ಟಣಗಳಿಂದ.

ಧರ್ಮಕೇಂದ್ರದ ಹಬ್ಬದಲ್ಲಿ ಒಂದು ಪಾತ್ರೆ, ಒಂದು ಸೌಟು, ಹೊಸ ಎಣ್ಣೆಯ ಒಂದು ಬಾಣಲೆ ಬೇರೆ ಇರಲಿ. ಆ ಮೇಜಿನಲ್ಲಿ ಮೊದಲು ಬಡಿಸಲಿ, ಉಳಿದವರ ಪೂರಿಯ ಚೂರು ಬೀಳುವ ಮುನ್ನ. ಯಾವ ಅಡುಗೆಗೆ ಏನೇನು ಹಾಕಿದೆ ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದಿಡಿ. ಉಪದೇಶ ತರಗತಿಗೆ ಮಕ್ಕಳನ್ನು ಸೇರಿಸುವಾಗಲೇ ಇಂಥ ತೊಂದರೆ ಇದೆಯೇ ಎಂದು ತಂದೆತಾಯಿಗಳನ್ನು ಕೇಳಿ. ಕೊನೆಯ ವಾರದಲ್ಲಿ ಕೇಳಿದರೆ ಗುರುಗಳಿಗೂ ಸಿದ್ಧತೆಗೆ ಸಮಯವಿರದು. ನಿಮ್ಮ ಮನೆಯಲ್ಲಿ ಮಗು ಬೆಳೆಯದೆ, ಪದೇ ಪದೇ ಭೇದಿಯಾಗಿ, ರಕ್ತ ಕಡಿಮೆಯಾಗಿ ಬಳಲುತ್ತಿದ್ದರೆ ವೈದ್ಯರನ್ನು ಕಾಣಿ. ರಕ್ತಪರೀಕ್ಷೆಗೆ ಮೊದಲೇ ಗೋಧಿಯನ್ನು ನೀವಾಗಿ ನಿಲ್ಲಿಸಬೇಡಿ, ಕಾಯಿಲೆ ಕಣ್ಣು ತಪ್ಪಿಸೀತು. ತೆಳ್ಳಗಾಗಲೆಂದು ಶೋಕಿಗೆ ಗೋಧಿ ಬಿಟ್ಟವರಿಗೂ ಒಂದು ಮಾತು. ಹೋಟೆಲಿನಲ್ಲಿ "ಗೋಧಿ ಆಗದು" ಎಂದು ಹೇಳಿ, ಕಡೆಗೆ ಕೇಕು ತಿಂದು ಎದ್ದರೆ, ನಿಮ್ಮ ನಂತರ ಬರುವ ರೋಗಿಯ ಮಾತನ್ನು ಅಲ್ಲಿ ಯಾರೂ ನಂಬುವುದಿಲ್ಲ.

ಈ ಕ್ರಿಸ್ತಜಯಂತಿಗೆ ನಾನು ಮನೆಯಲ್ಲೇ ಕಜ್ಜಾಯ ಮಾಡಿದೆ. ಕರ್ಜಿಕಾಯಿ, ರೋಸ್ ಕುಕ್ಕಿಗಳಿಗೆ ಎಣ್ಣೆ ಇಡುವ ಮೊದಲು, ತೊಳೆದ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ. ಪಾಕ ಮೊದಲ ಸಲ ಕೆಟ್ಟಿತು. ಮೈದಾ ಡಬ್ಬಿಯ ಕಡೆ ಕೈ ಹೋಗಲಿಲ್ಲ. ಚೆಲ್ಲಿ ಮತ್ತೆ ಕಾಸಿದೆ. ತಂಗಿಯ ಮಗಳು ತಟ್ಟೆಯ ಮುಂದೆ ಕುಳಿತು ನನ್ನ ಮುಖ ನೋಡಿ, "ದೊಡ್ಡಮ್ಮ, ಇದರಲ್ಲಿ ಏನೇನಿದೆ?" ಎಂದು ಕೇಳಿದಳು. ಮೊದಲಾಗಿದ್ದರೆ ನನಗೆ ಬೇಸರವಾಗುತ್ತಿತ್ತು, ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು. ಈಗ ಒಂದೊಂದಾಗಿ ಹೇಳಿದೆ: ಅಕ್ಕಿ, ಬೆಲ್ಲ, ಎಳ್ಳು, ಗಸಗಸೆ, ಎಣ್ಣೆ. ಕೇಳಿಸಿಕೊಂಡು, ಶಿಲುಬೆಯ ಗುರುತು ಹಾಕಿ, ತಿಂದಳು.

ಪ್ರಿಯ ವಾಚಕರೇ, ನಿಮ್ಮ ಮುಂದಿನ ಹಬ್ಬದೂಟಕ್ಕೆ ಬರುವವರ ಪಟ್ಟಿ ಬರೆಯುವಾಗ, ಪ್ರತಿ ಹೆಸರಿನ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಿ: ಇವರು ಏನನ್ನು ಉಣ್ಣಲಾರರು? ಉತ್ತರ ಗೊತ್ತಿಲ್ಲದಿದ್ದರೆ ಸಂಕೋಚಪಡದೆ ಹೋಗಿ ಕೇಳಿ. ನಾವು ಕೇಳಿದ ಮೇಲೆ ಮೂಲೆಯಲ್ಲಿ ಕುಳಿತ ಮಗು ಪಂಕ್ತಿಗೆ ಬರುತ್ತದೆ.